ಧೊಪ್ಪಣ್ಣ ನಿಜವಾಗಿ ಬಿದ್ದ ದಿನ

ಇಷ್ಟಕ್ಕೆಲ್ಲ ಕಾರಣ ಒಂದು ಬಕೆಟ್ ಸೋಪಿನ ನೀರು. ಸಂಜೆ ಮಗಳ ಮದುವೆ ಮಾತಿಗೆ ಹುಡುಗನ ತಂದೆ ಬರುತ್ತಾರೆಂದು ಧೊಪ್ಪಣ್ಣನ ಹೆಂಡತಿ ಬೆಳಗಾಗುತ್ತಲೇ ನಡುಮನೆಯ ನೆಲವನ್ನು ತಿಕ್ಕಿ ತಿಕ್ಕಿ ಮುಖ ನೋಡಿಕೊಳ್ಳುವ ಹಾಗೆ ಮಾಡಿಟ್ಟಿದ್ದಳು. ಸೋಫಾದ ಪಕ್ಕದಲ್ಲಿ ಅಂಗೈಯಗಲ ನೊರೆ ಉಳಿದದ್ದು ಅವಳ ಕಣ್ಣಿಗೆ ಬೀಳಲಿಲ್ಲ. ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡು ಬಂದ ಧೊಪ್ಪಣ್ಣನ ಎಡಗಾಲು ಹುಡುಕಿಕೊಂಡು ಹೋದ ಹಾಗೆ ಅದರ ಮೇಲೇ ಬಿತ್ತು. ಬ್ರಷ್ಷು ಟೀವಿಯ ಹಿಂದಕ್ಕೆ ಹಾರಿತು, ಒಂದು ಚಪ್ಪಲಿ ಕಿಟಕಿಯ ಸರಳಿಗೆ ಸಿಕ್ಕಿಕೊಂಡಿತು, ಅವನು ಧೊಪ್ಪೆಂದು ನೆಲಕ್ಕೆ ಬಿದ್ದ. ಎಡಪಾದದ ಗಿಣ್ಣಿನಲ್ಲಿ ಏನೋ ಲಟಕ್ಕೆಂದಿತು.

“ಅಯ್ಯಯ್ಯೋ! ಸತ್ತೆ! ಯಾರಾದ್ರೂ ಬನ್ನಿ!”

ಅಡುಗೆಮನೆಯಿಂದ ಹೆಂಡತಿ ಬರಲಿಲ್ಲ, ಅವಳ ದನಿ ಮಾತ್ರ ಬಂತು.

“ಎದ್ದೇಳ್ರೀ. ರೆಫರಿ ಬರೋದು ಸಂಜೆಗೆ.”

ಬೇರೆ ಹೆಂಗಸು ಹೀಗೆ ಅಂದಿದ್ದರೆ ಕಲ್ಲು ಮನಸ್ಸಿನವಳು ಅನ್ನಬಹುದಿತ್ತು. ಇವಳನ್ನು ಹಾಗನ್ನುವಂತಿಲ್ಲ. ಮದುವೆಯಾದಂದಿನಿಂದ ಗಂಡ ಬೀಳುವುದನ್ನು ನೋಡಿ ನೋಡಿ ಸಾಕಾದವಳು ಅವಳು.

ಧೊಪ್ಪಣ್ಣ ಒಂದು ಕಾಲಕ್ಕೆ ಫುಟ್‌ಬಾಲ್ ಆಡಿಯೇ ಹೊಟ್ಟೆ ಹೊರೆದವನು. ದೊಡ್ಡ ಕ್ಲಬ್ಬು, ತಿಂಗಳ ಸಂಬಳ, ಬೆನ್ನ ಮೇಲೆ ನಂಬರು, ಊರೂರು ಸುತ್ತುವ ಬಸ್ಸು, ಎಲ್ಲವೂ ಇತ್ತು. ಓಡುವುದರಲ್ಲಿ ಅಷ್ಟಕ್ಕಷ್ಟೆ, ಚೆಂಡು ಒದೆಯುವುದರಲ್ಲಿ ಅದಕ್ಕಿಂತ ಅಷ್ಟಕ್ಕಷ್ಟೆ. ಬೀಳುವುದರಲ್ಲಿ ಮಾತ್ರ ಎತ್ತಿದ ಕೈ. ಎದುರಾಳಿಯ ಗೋಲಿನ ಮುಂದೆ ಪಕ್ಕದವನು ಜೋರಾಗಿ ಉಸಿರು ಬಿಟ್ಟರೂ ಸಾಕು, ಇವನು ಬುಡ ಕಡಿದ ಮರದ ಹಾಗೆ ಉರುಳುತ್ತಿದ್ದ. ಮೊದಲು ಎರಡೂ ಕೈ ಮೇಲೆ, ಆಮೇಲೆ ಧೊಪ್, ಆಮೇಲೆ ಹುಲ್ಲಿನ ಮೇಲೆ ಒಂದಷ್ಟು ಹೊರಳಾಟ, ಕೊನೆಗೆ ಮೈದಾನದಾಚೆ ರಸ್ತೆಯಲ್ಲಿ ಹೋಗುವವರೂ ಸೈಕಲ್ಲು ನಿಲ್ಲಿಸಿ ಕೇಳುವಂಥ ಒಂದು ಕೂಗು. ರೆಫರಿ ಸೀಟಿ ಊದುತ್ತಿದ್ದರು, ಪೆನಾಲ್ಟಿ ಸಿಗುತ್ತಿತ್ತು, ಗೋಲು ಹೊಡೆಯುವ ಚಿಲ್ಲರೆ ಕೆಲಸವನ್ನು ಬೇರೆ ಯಾರಾದರೂ ಮುಗಿಸುತ್ತಿದ್ದರು. ಜನ ಪ್ರೀತಿಯಿಂದಲೂ ಸಿಟ್ಟಿನಿಂದಲೂ ಇಟ್ಟ ಹೆಸರು ಧೊಪ್ಪಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಈಗ ಕರೆಂಟು ಬಿಲ್ಲಿನಲ್ಲಿ ಮಾತ್ರ ಉಳಿದಿದೆ.

ಅವನು ಬಿದ್ದದ್ದರಲ್ಲೆಲ್ಲ ದೊಡ್ಡದು ಒಂದು ಫೈನಲ್ಲಿನಲ್ಲಿ ಬಿದ್ದದ್ದು. ಆಟ ಇನ್ನೇನು ಮುಗಿಯಬೇಕು, ಎದುರಾಳಿಯ ಕಾಲು ಒಂದು ಮೊಳ ದೂರದಲ್ಲಿ ಹಾದುಹೋಯಿತು, ಧೊಪ್ಪಣ್ಣ ಬಲಗಾಲು ಹಿಡಿದುಕೊಂಡು ನೆಲ ಕಂಡ. ರೆಫರಿ ಹಿಂದೆ ಮುಂದೆ ನೋಡದೆ ಪೆನಾಲ್ಟಿ ಕೊಟ್ಟರು. ಕಪ್ ಇವರ ತಂಡದ ಪಾಲಾಯಿತು. ಟೀವಿಯಲ್ಲಿ ಎಷ್ಟು ನಿಧಾನ ಮಾಡಿ ತೋರಿಸಿದರೂ ಅರ್ಧ ಜನಕ್ಕೆ ಕಾಲು ತಗುಲಿದಂತೆ ಕಂಡಿತು, ಇನ್ನರ್ಧ ಜನಕ್ಕೆ ಬರೀ ಗಾಳಿ ಕಂಡಿತು. ನಿಜ ಗೊತ್ತಿದ್ದದ್ದು ಧೊಪ್ಪಣ್ಣನಿಗೆ ಮತ್ತು ಅವನ ಹೆಂಡತಿಗೆ. ತಗುಲಿದ್ದು ಗಾಳಿಯೇ. ಬಲಗಾಲು ಎರಡೂ ಕೈಯಲ್ಲಿ ಹಿಡಿದು, ದವಡೆಹಲ್ಲು ಕಾಣುವಷ್ಟು ಬಾಯಿ ತೆರೆದು ಬಿದ್ದಿರುವ ಅವನ ಫೋಟೋ ಪೇಪರಿನಲ್ಲಿ ಬಂತು. ಅದಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ್ದ. ಈ ಬೆಳಗ್ಗೆ ಅದನ್ನು ಹೆಂಡತಿ ಇಳಿಸಿ ಮಂಚದ ಕೆಳಗೆ ತಳ್ಳಿದ್ದಳು.

ಯಾಕೆಂದರೆ ಸಂಜೆ ಬರಲಿದ್ದ ಹುಡುಗನ ತಂದೆ ಬೇರೆ ಯಾರೂ ಅಲ್ಲ, ಆ ಪೆನಾಲ್ಟಿ ಕೊಟ್ಟ ರೆಫರಿಯೇ.

ಕೂಗಿಗೆ ಮಗಳು ಕೋಣೆಯಿಂದ ಬಂದಳು. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವುದು ಅವಳ ಕೆಲಸ. ಇಂಥ ಅಪ್ಪನ ಕೈಯಲ್ಲಿ ಬೆಳೆದವಳಿಗೆ ಬೇರೆ ತರಬೇತಿ ಬೇಕಾಗಿರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಯಾವ ಕಾಲಪ್ಪಾ?”

“ಎಡಗಾಲಮ್ಮಾ, ಮುರಿದೇ ಹೋಗಿದೆ ಅನ್ಸುತ್ತೆ.”

“ಹೋದ ವಾರ ಗ್ಯಾಸ್ ಸಿಲಿಂಡರ್ ಎತ್ತು ಅಂದಾಗ ಬಲಗಾಲು ಅಂದಿದ್ದೆ.”

“ಅದು ಸುಳ್ಳು. ಇದು ನಿಜ!”

“ಪ್ರತಿ ಸಲನೂ ಹಾಗೇ ಹೇಳ್ತೀಯ.” ಮಗಳು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಅವಳ ಕಣ್ಣಲ್ಲಿ ನೀರಾಡುತ್ತಿತ್ತು. “ಅಪ್ಪಾ, ಕೈ ಮುಗೀತೀನಿ. ಇವತ್ತೊಂದು ದಿನ ಬೀಳಬೇಡ. ನಿನ್ನಿಂದ ಅವರು ಎಷ್ಟು ಅನುಭವಿಸಿದ್ದಾರೆ ಗೊತ್ತಾ? ಆ ಪೆನಾಲ್ಟಿ ಆದ್ಮೇಲೆ ಅವರಿಗೆ ಒಂದು ಮ್ಯಾಚೂ ಕೊಡ್ಲಿಲ್ಲ. ಕಣ್ಣಿಲ್ಲದ ರೆಫರಿ ಅಂತ ಹೋದಲ್ಲೆಲ್ಲ ಆಡ್ಕೊಂಡ್ರು. ಆ ಹಟಕ್ಕೇ ಕನ್ನಡಕದ ಅಂಗಡಿ ಇಟ್ಟಿದ್ದಾರೆ. ಇವತ್ತಿಗೂ ಜೇಬಲ್ಲಿ ಹಳದಿ ಕಾರ್ಡು, ಕೆಂಪು ಕಾರ್ಡು ಇಟ್ಕೊಂಡೇ ಓಡಾಡ್ತಾರೆ. ಚೌಕಾಸಿ ಮಾಡೋ ಗಿರಾಕಿಗೂ ಹಳದಿ ತೋರಿಸ್ತಾರೆ.”

“ಅಷ್ಟು ಸಿಟ್ಟಾ ನನ್ನ ಮೇಲೆ?”

“ಅವರ ಮನೇಲಿ ನಿನ್ನ ವಿಷಯ ಎತ್ತಿದಾಗ ಒಂದೇ ಮಾತಂದ್ರಂತೆ. ‘ಮೊದ್ಲು ಆ ಮನುಷ್ಯ ನಡೆಯೋದನ್ನ ನಾನು ಕಣ್ಣಾರೆ ನೋಡ್ಬೇಕು, ಆಮೇಲೆ ಮದುವೆ ಮಾತು.’ ಅರ್ಥ ಆಯ್ತಾ? ನೀನು ಇನ್ನೂ ನಾಟಕ ಆಡ್ತೀಯಾ ಅಂತ ಪರೀಕ್ಷೆ ಮಾಡೋಕೇ ಬರ್ತಿದ್ದಾರೆ. ನೀನು ಒಂದು ಹೆಜ್ಜೆ ಕುಂಟಿದ್ರೂ ನನ್ನ ಮದುವೆ ಮುರಿದ ಹಾಗೇ.”

ಧೊಪ್ಪಣ್ಣ ಮಗಳ ಕಣ್ಣೊರೆಸಿದ. ಇದ್ದವಳು ಒಬ್ಬಳೇ ಮಗಳು. ಆ ಹುಡುಗನ ಹೆಸರು ಬಂದರೆ ಸಾಕು, ಅವಳ ಮುಖ ದೀಪ ಹಚ್ಚಿದ ಹಾಗೆ ಆಗುವುದನ್ನು ಅವನು ನೋಡಿದ್ದ.

“ನಿನ್ನಾಣೆ ಮಗಳೇ, ಇವತ್ತು ಕಾಲು ಕಿತ್ತು ಕೈಗೆ ಬಂದ್ರೂ ಕುಂಟಲ್ಲ,” ಅಂದ. ಅಂದು ಎದ್ದು ನಿಂತ. ಹಾಡಹಗಲಲ್ಲೇ ನಕ್ಷತ್ರಗಳು ಕಂಡವು.

ಡಾಕ್ಟರಿಗೆ ತೋರಿಸಿಯೇ ಬಿಡೋಣ ಎಂದು ಯಾರಿಗೂ ಹೇಳದೆ ಬಾಗಿಲು ತೆರೆದರೆ, ಎಲ್ಲರೂ ಕಾಮೆಂಟರಿ ಎಂದೇ ಕರೆಯುವ ಎದುರುಮನೆಯವನು ನಿಂತಿದ್ದ. ಈತ ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಬಸ್ಸುಗಳ ಬರುವುದು ಹೋಗುವುದನ್ನು ಹೇಳಿಕೊಂಡಿದ್ದು ನಿವೃತ್ತನಾದವನು. ಮೈಕನ್ನು ಅಲ್ಲೇ ಬಿಟ್ಟುಬಂದರೂ ಚಾಳಿಯನ್ನು ಮನೆಗೆ ತಂದಿದ್ದ. ಮಹಡಿಯಲ್ಲಿ ಇರುವೆ ಹರಿದರೂ ಕಟ್ಟಡಕ್ಕೆಲ್ಲ ಕೇಳಿಸಬೇಕು.

“ಬಂದರು, ಬಂದರು, ಧೊಪ್ಪಣ್ಣ ಹೊರಗೆ ಬಂದರು! ಎಡಗಾಲು ಎಳೀತಾ ಇದ್ದಾರೆ! ಏನ್ಸಾರ್, ಬೆಳಿಗ್ಗೆ ಬೆಳಿಗ್ಗೇನೇ ಪ್ರಾಕ್ಟೀಸಾ?”

“ಮೆಲ್ಲಗೆ ಮಾತಾಡ್ರಿ ಮಾರಾಯ್ರೇ! ಕಾಲು ನಿಜವಾಗ್ಲೂ ಉಳುಕಿದೆ.”

“ಆಹಾ! ಮುಖದಲ್ಲಿ ಆ ಸಂಕಟ ನೋಡಿ! ವಯಸ್ಸಾದ್ರೂ ಕಲೆ ಮಾಸಿಲ್ಲ!” ಎಂದು ಕಾಮೆಂಟರಿ ಚಪ್ಪಾಳೆ ತಟ್ಟಿದ. ಮೇಲಿನ ಮಹಡಿಯಿಂದ ಇನ್ನಾರೋ ಅವನ ಜೊತೆ ತಟ್ಟಿದರು. ಧೊಪ್ಪಣ್ಣ ಪಕ್ಕದ ಕಂಬಿ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ಒಂದೊಂದು ಬೈಗುಳ ನುಂಗಿಕೊಂಡು ಇಳಿದ.

ಕೆಳಗಿನ ಮಹಡಿಯಲ್ಲಿ ಕ್ಲಿನಿಕ್ ಇಟ್ಟಿದ್ದ ಡಾಕ್ಟರು ಒಳ್ಳೆಯ ಮನುಷ್ಯ. ಅವರಲ್ಲಿದ್ದ ಒಂದೇ ದೋಷವೆಂದರೆ ಆ ಫೈನಲ್ಲಿನಲ್ಲಿ ಸೋತ ತಂಡದ ಅಭಿಮಾನಿಯಾಗಿದ್ದದ್ದು. ಧೊಪ್ಪಣ್ಣ ಪ್ಯಾಂಟು ಮೇಲೆತ್ತಿ ಬದನೆಕಾಯಿಯಂತೆ ಊದಿದ್ದ ಕಾಲು ತೋರಿಸಿದ. ಡಾಕ್ಟರು ಕನ್ನಡಕ ಏರಿಸಿ ಕಾಲನ್ನು ಸುತ್ತಿ ಸುತ್ತಿ ನೋಡಿದರು.

“ಅದ್ಭುತ,” ಅಂದರು. “ಇಷ್ಟು ದಿನ ಬರೀ ಕೂಗು, ಹೊರಳಾಟ ಇತ್ತು. ಈಗ ಊತನೂ ತರಿಸ್ಕೊಳ್ಳೋಕೆ ಕಲ್ತಿದ್ದೀರಿ. ಹೇಗ್ರೀ ಮಾಡ್ತೀರಿ ಇದನ್ನ?”

“ಡಾಕ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಇದು ನಿಜ!”

“ಬೀಳಿ, ಬೀಳಿ, ನಿಮಗೆ ಅದೇನು ಹೊಸದಾ? ಅವತ್ತು ಸ್ಟೇಡಿಯಮ್ಮಿನಿಂದ ಮನೆವರೆಗೂ ಅಳ್ತಾ ನಡ್ಕೊಂಡು ಬಂದಿದ್ದೆ ನಾನು. ಮೊದ್ಲು ಆ ಪೆನಾಲ್ಟಿ ವಾಪಸ್ ಕೊಡಿ, ಆಮೇಲೆ ನೋಡೋಣ ಕಾಲು.” ಹೀಗಂದು ಒಂದು ವಿಟಮಿನ್ ಮಾತ್ರೆ ಕೈಗಿಟ್ಟು, “ಮುಂದಿನವರು ಬನ್ನಿ” ಎಂದು ಕೂಗಿದರು.

ಬಾಗಿಲು ದಾಟುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಹಾಸಿಗೆ ಅಂಗಡಿಯ ಮಾಲೀಕ. ಅದೂ ಒಂದು ಕತೆ. ವಯಸ್ಸಾಗಿ ಕ್ಲಬ್ಬು ಕೈಬಿಟ್ಟಾಗ, ಬೀಳುವುದೊಂದು ಬಿಟ್ಟು ಬೇರೇನೂ ಗೊತ್ತಿಲ್ಲದವನಿಗೆ ಕೆಲಸ ಯಾರು ಕೊಡುತ್ತಾರೆ? ಹಾಸಿಗೆ ಅಂಗಡಿಯವನು ಕೊಟ್ಟ. ಗಿರಾಕಿ ಬಂದಾಗ ಹಾಸಿಗೆಯ ಮೇಲೆ ದಡಾರನೆ ಬಿದ್ದು, ‘ಒಂದಿಷ್ಟೂ ನೋವಾಗ್ಲಿಲ್ಲ ಸಾರ್’ ಎಂದು ನಗುತ್ತಾ ಏಳುವುದೇ ಧೊಪ್ಪಣ್ಣನ ಈಗಿನ ಉದ್ಯೋಗ. ಗಾಜಿನ ಬಾಗಿಲ ಮೇಲೆ ಅವನ ಚಿತ್ರ, ಕೆಳಗೆ ‘ಚಾಂಪಿಯನ್ ಬಿದ್ದ ಹಾಸಿಗೆ’ ಎಂಬ ದಪ್ಪಕ್ಷರ.

“ಎಲ್ಲಿದ್ದೀಯಯ್ಯಾ? ಹೋಟೆಲಿನವರು ಬಂದು ಕೂತಿದ್ದಾರೆ. ಎಲ್ಲಾ ರೂಮಿಗೂ ಹಾಸಿಗೆ ಬೇಕಂತೆ. ಬೇಗ ಬಂದು ಬಿದ್ದು ತೋರಿಸು!”

“ಸಾಹೇಬ್ರೇ, ಇವತ್ತು ರಜ ಕೇಳಿದ್ದೆನಲ್ಲ. ಅದೂ ಅಲ್ದೆ ಕಾಲು ನೋವು...”

“ಕಾಲು ನೋವಾ? ಯಾರ ಹತ್ರ ಬಿಡ್ತೀಯ ಇದನ್ನ?” ಮಾಲೀಕ ನಕ್ಕು ನಕ್ಕು ಕೆಮ್ಮಿದ. “ಬಂದು ಬಿದ್ದು ಹೋಗು. ಇಲ್ಲದಿದ್ರೆ ನಾಳೆಯಿಂದ ಮನೇಲೇ ಬಿದ್ದಿರು.”

ಮಗಳ ಮದುವೆ ಎದುರಿಗಿರುವಾಗ ಕೆಲಸ ಕಳೆದುಕೊಳ್ಳುವ ಧೈರ್ಯ ಯಾವ ಅಪ್ಪನಿಗಿದೆ? ಧೊಪ್ಪಣ್ಣ ಆಟೋ ಹಿಡಿದು ಹೋದ.

ಹೋಟೆಲಿನವರೆಂದರೆ ಅದರ ಯಜಮಾನರೊಬ್ಬರೇ, ಹೊಟ್ಟೆ ಮುಂದಿಟ್ಟುಕೊಂಡು, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಮಾಲೀಕ ಕಣ್ಸನ್ನೆ ಮಾಡಿದ. ಧೊಪ್ಪಣ್ಣ ಹಲ್ಲು ಕಚ್ಚಿ, ಎರಡೂ ಕೈ ಮೇಲೆತ್ತಿ, ಸ್ಪ್ರಿಂಗಿನ ಹಾಸಿಗೆಯ ಮೇಲೆ ಬಿದ್ದ. ಹಾಸಿಗೆ ಮೆತ್ತಗೇ ಇತ್ತು. ಎಡಗಾಲಿನ ಗಿಣ್ಣು ಮಾತ್ರ ಮಂಚದ ಅಂಚಿಗೆ ಹೊಡೆಯಿತು. ಅವನ ಬಾಯಿಂದ ಹೊರಟ ಕೂಗಿಗೆ ಎದುರಿನ ಅಂಗಡಿಯವರು ಶಟರು ಎಳೆದುಬಿಟ್ಟರು.

ಮಾಲೀಕನ ಮುಖ ಬಿಳುಚಿತು. ಹಾಸಿಗೆಯ ಮೇಲೆ ಬಿದ್ದವನು ಹೀಗೆ ಕಿರುಚಿದರೆ ಯಾರು ಕೊಂಡಾರು? ಆದರೆ ಹೋಟೆಲಿನವರ ಕಣ್ಣಲ್ಲಿ ಆನಂದಬಾಷ್ಪ.

“ಅದೇ ಕೂಗು! ಫೈನಲ್ಲಲ್ಲಿ ಕೇಳಿದ್ದೆ ನಾನು, ಗೇಟಿನ ಪಕ್ಕ ನಿಂತಿದ್ದೆ! ಮೈ ಜುಂ ಅಂತು ನೋಡಿ. ಸಾರ್, ನಂಗೋಸ್ಕರ ಇನ್ನೊಂದ್ಸಲ!”

ಸ್ಪ್ರಿಂಗಿನ ಮೇಲೆ ಇನ್ನೊಂದ್ಸಲ ಆಯಿತು. ಫೋಮಿನ ಮೇಲೆ ಆಯಿತು. ಹತ್ತಿಯದರ ಮೇಲೂ ಆಯಿತು. ರಸ್ತೆಯಲ್ಲಿ ಹೋಗುತ್ತಿದ್ದವರು ಒಳಗೆ ಬಂದು ಫೋನು ಹಿಡಿದು ನಿಂತರು. “ಇನ್ನೂ ಸ್ವಲ್ಪ ಜೋರಾಗಿ!” ಎಂದು ಹೆಂಗಸೊಬ್ಬಳು ಕೇಳಿಕೊಂಡಳು. ಕೊನೆಗೆ ಹೋಟೆಲಿನವರು ಎಲ್ಲ ರೂಮಿಗೂ ಹಾಸಿಗೆ ಬರೆಸಿ ಹೋದರು. ಮಾಲೀಕ ಧೊಪ್ಪಣ್ಣನ ಬೆನ್ನು ತಟ್ಟಿ ಬಹುಮಾನವಾಗಿ ಒಂದು ದಿಂಬು ಕೊಟ್ಟ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಬೆವರೊರೆಸಿಕೊಳ್ಳುತ್ತಾ ಅವನು ಮನೆಗೆ ಬಂದ.

ಸಂಜೆಯ ಹೊತ್ತಿಗೆ ಕಾಲು ಎಷ್ಟು ಊದಿತ್ತೆಂದರೆ ಶೂ ಒಳಗೆ ಹೋಗಲು ಒಪ್ಪಲಿಲ್ಲ. ದಾರ ಪೂರಾ ಬಿಚ್ಚಿ, ಹಿಮ್ಮಡಿಗೆ ಎಣ್ಣೆ ಸವರಿ, ಮಂಚದ ಕಾಲು ಹಿಡಿದುಕೊಂಡು ಹೇಗೋ ತುರುಕಿದ. ಮನೆಯೊಳಗೆ ಶೂ ಯಾಕೆಂದು ಹೆಂಡತಿ ಕೇಳಿದ್ದಕ್ಕೆ, “ರೆಫರಿ ಎದುರಿಗೆ ಶಿಸ್ತಾಗಿರ್ಲಿ ಅಂತ,” ಅಂದ. ಆಮೇಲೆ ಕನ್ನಡಿಯ ಮುಂದೆ ನಿಂತು, ನೋವಿಲ್ಲದವನ ಮುಖ ಹೇಗಿರುತ್ತದೆಂದು ಅಭ್ಯಾಸ ಮಾಡಿದ. ಜೀವಮಾನವೆಲ್ಲ ಗಟ್ಟಿಯಾಗಿದ್ದ ಕಾಲನ್ನು ಮುರಿದದ್ದೆಂದು ತೋರಿಸಿದವನಿಗೆ ಮುರಿದ ಕಾಲನ್ನು ಗಟ್ಟಿಯೆಂದು ತೋರಿಸುವುದು ಅಷ್ಟು ಸುಲಭವಾಗಿ ಬರಲಿಲ್ಲ.

ರೆಫರಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಗೋಲಿನ ಕಂಬದ ಹಾಗೆ ನೆಟ್ಟಗಿದ್ದ ಮನುಷ್ಯ, ದಪ್ಪ ಕನ್ನಡಕ, ಅಂಗಿಯ ಜೇಬಿನಲ್ಲಿ ಹಳದಿ ಮತ್ತು ಕೆಂಪು ಅಂಚು ಇಣುಕುತ್ತಿತ್ತು. ಹಿಂದೆ ಹುಡುಗ, ಅವನ ಹಿಂದೆ, ಯಾರೂ ಕರೆಯದೆ, ಕಾಮೆಂಟರಿ. ರೆಫರಿಯ ಕಣ್ಣು ಧೊಪ್ಪಣ್ಣನ ಮುಖದ ಮೇಲೆ ನಿಲ್ಲಲೇ ಇಲ್ಲ, ನೇರ ಕಾಲಿಗೆ ಹೋಯಿತು.

“ಎರಡನೇ ಮಹಡಿ,” ಅಂದರು ರೆಫರಿ ಮೆಲ್ಲಗೆ. “ದಿನಾ ಹತ್ತಿ ಇಳಿಯೋಕೆ ನಿಮಗೆ ಕಷ್ಟ ಆಗಬೇಕಲ್ಲ?”

“ಕಷ್ಟನಾ? ಎರಡೆರಡು ಮೆಟ್ಟಿಲು ಹಾರಿ ಹತ್ತುತ್ತೀನಿ ಸಾರ್!”

ರೆಫರಿಯ ಹುಬ್ಬು ಕೂಡಿತು. “ಚಳಿಗಾಲದಲ್ಲಾದ್ರೂ ಕಾಲು ಸ್ವಲ್ಪ ಸೆಳೆಯಬಹುದು.”

“ಕಾಲು ಅಂತ ಒಂದಿದೆ ಅನ್ನೋದೇ ಮರೆತು ಹೋಗಿರುತ್ತೆ ಸಾರ್!”

ಹೆಂಡತಿ ಸಮಾಧಾನದ ಉಸಿರು ಬಿಟ್ಟು ಟೀ ತಂದಳು. ಧೊಪ್ಪಣ್ಣ ಅವಳ ಕೈಯಿಂದ ತಟ್ಟೆ ಕಿತ್ತುಕೊಂಡು ತಾನೇ ಎಲ್ಲರಿಗೂ ಹಂಚಿದ. ಪ್ರತಿ ಹೆಜ್ಜೆಗೂ ಜೀವ ಬಾಯಿಗೆ ಬರುತ್ತಿತ್ತು, ಅದನ್ನು ನಗುವಿನ ಜೊತೆ ಮತ್ತೆ ಒಳಗೆ ನುಂಗುತ್ತಿದ್ದ. ಹಣೆಯಿಂದ ಬೆವರು ಇಳಿದು ಹುಡುಗನ ಟೀಯೊಳಗೆ ಬಿತ್ತು. ಒಳ್ಳೆಯ ಹುಡುಗ, ಮಾತಾಡದೆ ಕುಡಿದ.

ರೆಫರಿಯ ಮುಖ ಮಾತ್ರ ಗಳಿಗೆ ಗಳಿಗೆಗೂ ಸಣ್ಣಗಾಗುತ್ತಿತ್ತು. ಇನ್ನೂ ನಂಬಿಕೆ ಬಂದಿಲ್ಲವೆಂದು ಧೊಪ್ಪಣ್ಣ ತಿಳಿದ. ಮಗಳು ಬಾಗಿಲ ಸಂದಿಯಿಂದ ‘ಇನ್ನೂ, ಇನ್ನೂ’ ಎಂದು ಕೈಸನ್ನೆ ಮಾಡಿದಳು.

“ಸಾರ್, ಒಂಟಿ ಕಾಲಲ್ಲಿ ನಿಂತು ತೋರಿಸಿಬಿಡಿ!” ಎಂದ ಕಾಮೆಂಟರಿ, ಕಡ್ಡಿ ಗೀರುವುದರಲ್ಲಿ ಎಂದೂ ಹಿಂದೆ ಬೀಳದವನು.

ಧೊಪ್ಪಣ್ಣನಿಗೆ ಬಾಯಾರಿದವನಿಗೆ ನೀರು ಸಿಕ್ಕಂತಾಯಿತು. ಒಂಟಿ ಕಾಲೆಂದರೆ ಬಲಗಾಲಲ್ಲಿ ನಿಲ್ಲಬಹುದು, ಪಾಪದ ಎಡಗಾಲಿಗೆ ಒಂದು ಗಳಿಗೆ ಬಿಡುವು! ಬಲಗಾಲಿನ ಮೇಲೆ ನಿಂತ. ಅಷ್ಟೇ ಸಾಲದೆಂದು ಮಕ್ಕಳು ಕುಂಟಾಬಿಲ್ಲೆ ಆಡುವಂತೆ ಬಲಗಾಲಲ್ಲೇ ಕುಪ್ಪಳಿಸಿ ಸೋಫಾ ಸುತ್ತಿದ. ಟೀವಿ ಸುತ್ತಿದ. ರೆಫರಿಯನ್ನೇ ಒಂದು ಸುತ್ತು ಹಾಕಿದ.

“ಬಲಗಾಲಲ್ಲಿ ಧೊಪ್ಪಣ್ಣ! ಕುರ್ಚಿ ದಾಟಿದರು! ಯಾರೂ ತಡೆಯೋರಿಲ್ಲ! ಏನು ಗಟ್ಟಿ ಕಾಲು ಸ್ವಾಮೀ ಅದು!” ಕಾಮೆಂಟರಿಯ ದನಿ ಬೀದಿಗೆಲ್ಲ ಕೇಳಿತು. ಹುಡುಗ ಚಪ್ಪಾಳೆ ತಟ್ಟಿದ, ಮಗಳು ಕಣ್ಣೊರೆಸಿಕೊಂಡು ನಕ್ಕಳು, ಹೆಂಡತಿಯ ಎದೆ ಉಬ್ಬಿತು.

ರೆಫರಿ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ಮತ್ತೆ ನೋಡಿದರು. ಎದ್ದು ನಿಂತರು.

“ನಾವಿಬ್ಬರೇ ಸ್ವಲ್ಪ ಮಾತಾಡ್ಬೇಕು,” ಅಂದರು.

ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡರು. ಒಣಗಲು ಹಾಕಿದ್ದ ಬಟ್ಟೆಗಳ ನಡುವೆ ರೆಫರಿ ಬೀದಿ ನೋಡುತ್ತಾ ನಿಂತರು. 

“ಇಷ್ಟು ವರ್ಷ ಇಡೀ ಲೋಕದಲ್ಲಿ ನಿಮ್ಮ ಕಾಲಿನ ಪರವಾಗಿ ನಿಂತವನು ನಾನೊಬ್ಬನೇ ಕಣ್ರೀ.”

“ಸಾರ್?”

“ಕೆಲಸ ಹೋಯ್ತು, ಮಾನ ಹೋಯ್ತು, ಕಣ್ಣಿಲ್ಲದವನು ಅಂದ್ರು. ನಾನು ಮಾತ್ರ ಬಿಡ್ಲಿಲ್ಲ. ‘ಪೆಟ್ಟು ಬಿದ್ದಿದ್ದು ನಾನು ಕಣ್ಣಾರೆ ನೋಡಿದೀನಿ. ಪಾಪ, ಆ ಮನುಷ್ಯನ ಬಲಗಾಲು ಅವತ್ತೇ ಹೋಯ್ತು, ಇವತ್ತಿಗೂ ಎಲ್ಲೋ ಕುಂಟ್ತಾ ಇರ್ತಾನೆ,’ ಅಂತ ಅಂಗಡಿಗೆ ಬಂದವರಿಗೆಲ್ಲ ಹೇಳ್ದೆ. ಮಗ ಬಂದು ನಿಮ್ಮ ಮನೆ ಹೆಣ್ಣು ಅಂದಾಗ ನಂಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸಾಕ್ಷಿ ತಾನಾಗೇ ಮನೆಗೆ ಬಂತು ಅಂದ್ಕೊಂಡೆ. ಮದುವೆಗೆ ಹಳೇ ರೆಫರಿಗಳನ್ನೆಲ್ಲ ಕರೀತೀನಿ, ನೀವು ಕುಂಟ್ಕೊಂಡು ಬಂದು ಅವರಿಗೆ ಕೈ ಮುಗೀತೀರಿ, ಅವರೆಲ್ಲ ತಲೆ ತಗ್ಗಿಸ್ತಾರೆ... ಏನೇನು ಕನಸು ಕಂಡಿದ್ದೆ! ನೀವು ನೋಡಿದ್ರೆ ಅದೇ ಕಾಲಲ್ಲಿ ಕುಂಟಾಬಿಲ್ಲೆ ಆಡ್ತೀರಿ!”

ಧೊಪ್ಪಣ್ಣನ ತಲೆ ಗಿರ್ರೆಂದಿತು. ಅಂದರೆ ಬೆಳಗಿನಿಂದ ನುಂಗಿದ ನೋವೆಲ್ಲ ದಂಡ! ಈ ಮನುಷ್ಯ ಕುಂಟುವುದನ್ನು ನೋಡಲೆಂದೇ ಬಂದಿದ್ದರು! ಮರುಗಳಿಗೆ ಅವನ ಮುಖ ಅರಳಿತು. ಕುಂಟಲು ಕಾರಣ ಕೈಯಲ್ಲೇ, ಅಲ್ಲ, ಕಾಲಲ್ಲೇ ಇದೆಯಲ್ಲ!

“ಸಾರ್! ಕುಂಟ್ತೀನಿ ಸಾರ್! ಬೆಳಗ್ಗೆಯಿಂದ ಕುಂಟೋಕೆ ಸಾಯ್ತಾ ಇದೀನಿ! ನಿಮಗೆ ಬೇಜಾರಾಗಬಾರದು ಅಂತ ತಡ್ಕೊಂಡಿದ್ದೆ. ಹಳೇ ಪೆಟ್ಟು ಸಾರ್, ಜೀವ ಹಿಂಡುತ್ತೆ! ನೋಡಿ, ನೀವೇ ನೋಡಿ!”

ನೆಲದ ಮೇಲೆ ಕೂತು ಶೂ ಕಿತ್ತೆಸೆದ, ಸಾಕ್ಸ್ ಎಳೆದ. ಊದಿ ನೀಲಿಗಟ್ಟಿದ ಪಾದ ಹೊರಬಂತು. ರೆಫರಿಯ ಮುಖದಲ್ಲಿ ಹಲವು ವರ್ಷದ ಮೋಡ ಸರಿದ ಹಾಗಾಯಿತು. “ಅಯ್ಯೋ ಪಾಪ, ಹೌದಲ್ರೀ!” ಎಂದು ಬಗ್ಗಿದರು. ಬಗ್ಗಿದವರು ಅಲ್ಲೇ ನಿಂತರು.

“ಇದು ಎಡಗಾಲು.”

“ಹೌದು ಸಾರ್...”

“ಅವತ್ತು ನೀವು ಹಿಡ್ಕೊಂಡಿದ್ದು ಬಲಗಾಲು.”

ಧೊಪ್ಪಣ್ಣ ಸಾಕ್ಸನ್ನು ಮತ್ತೆ ಎಳೆದುಕೊಳ್ಳಲು ನೋಡಿದ. ಮಂಚದ ಕೆಳಗೆ ಫೋಟೋ ಇತ್ತು, ಅದರಲ್ಲಿ ದವಡೆಹಲ್ಲಿನ ಜೊತೆ ಬಲಗಾಲೂ ಸ್ಪಷ್ಟವಾಗಿ ಕಾಣುತ್ತಿತ್ತು. ರೆಫರಿ ನೆಟ್ಟಗೆ ನಿಂತು, ಜೇಬಿಗೆ ಕೈ ಹಾಕಿ, ತೋಳು ಪೂರಾ ಮೇಲೆತ್ತಿ ಹಳದಿ ಕಾರ್ಡು ತೋರಿಸಿದರು.

“ಸುಳ್ಳು ಬಿದ್ದದ್ದಕ್ಕೆ. ಅವತ್ತೇ ಕೊಡಬೇಕಾಗಿತ್ತು.”

ಧೊಪ್ಪಣ್ಣ ಕೂತಲ್ಲಿಂದಲೇ ಮುಂದಕ್ಕೆ ಸರಿದ. ಕೈ ಜೋಡಿಸಿದ. “ತಪ್ಪಾಯ್ತು ಸಾರ್. ಅವತ್ತಿಂದು ಸುಳ್ಳು, ಇವತ್ತಿಂದು ನಿಜ. ನಿಮ್ಮ ಬಾಳು ಹಾಳು ಮಾಡಿದವನು ನಾನೇ. ನಂಗೆ ಏನು ಶಿಕ್ಷೆ ಬೇಕಾದ್ರೂ ಕೊಡಿ. ನನ್ನ ಮಗಳು ಏನೂ ಮಾಡಿಲ್ಲ. ನಿಮ್ಮ ಹುಡುಗ ಅಂದ್ರೆ ಪ್ರಾಣ ಅವಳಿಗೆ. ಮದುವೆ ಮಾತ್ರ ನಿಲ್ಲಿಸಬೇಡಿ.” ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟ. ಜೀವಮಾನದಲ್ಲಿ ಮೊದಲ ಸಲ ಕಣ್ಣಿಗೆ ಬಂದದ್ದು ನಿಜವಾದ ನೀರು, ಅವನಿಗೇ ಅದು ಹೊಸದಾಗಿತ್ತು.

ರೆಫರಿ ಕಾರ್ಡನ್ನು ಜೇಬಿಗೆ ಸೇರಿಸಿದರು. ಆಮೇಲೆ ಬಾಗಿಲ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು.

“ಈ ವಿಷಯ ಯಾರಿಗೆ ಗೊತ್ತು?”

“ನಂಗೆ, ನನ್ನ ಹೆಂಡತಿಗೆ. ಈಗ ನಿಮಗೆ.”

“ಮಕ್ಕಳದ್ದೇನು ತಪ್ಪು? ಮದುವೆ ಆಗ್ಲಿ. ಆದ್ರೆ ಇಷ್ಟು ವರ್ಷ ಹೇಳ್ಕೊಂಡು ಬಂದವನು ಈಗ ಯಾವ ಮುಖ ಇಟ್ಕೊಂಡು ತಪ್ಪು ನಂದೇ ಅನ್ಲಿ? ಅಂಗಡಿಗೆ ಒಬ್ಬ ಬರ್ತಾನಾ? ಅದಕ್ಕೇ ಒಂದು ಷರತ್ತು. ಈ ಗಳಿಗೆಯಿಂದ ನೀವು ಕುಂಟ್ಬೇಕು. ಬಲಗಾಲು. ಜೀವ ಇರೋವರೆಗೂ.”

ಧೊಪ್ಪಣ್ಣ ಕಣ್ಣು ಕಣ್ಣು ಬಿಟ್ಟ. “ಬಲಗಾಲು ಗಟ್ಟಿಯಾಗಿದೆಯಲ್ಲ ಸಾರ್? ನೋವಿರೋದು ಎಡಗಾಲಲ್ಲಿ.”

“ಎಡಗಾಲು ಸರಿಯಾಗಿರ್ಬೇಕು. ಎರಡೂ ಕುಂಟಿದ್ರೆ ಯಾರು ನಂಬ್ತಾರೆ?”

ಬಾಗಿಲು ತೆರೆಯಿತು. ಒಳಗೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು. ರೆಫರಿ ಬಂದು ನಗುತ್ತಾ, “ಸಂಬಂಧ ನನಗೆ ಪೂರಾ ಒಪ್ಪಿಗೆ,” ಅಂದರು. ಮಗಳು ಅಮ್ಮನನ್ನು ತಬ್ಬಿಕೊಂಡಳು. ಅಷ್ಟರಲ್ಲಿ ರೆಫರಿಯ ಹಿಂದೆ, ಎಡಗಾಲಿನ ಶೂ ಇಲ್ಲದೆ, ಪ್ಯಾಂಟಿನ ತುದಿಯಲ್ಲಿ ಊತ ಮರೆಸಿಕೊಂಡು, ಬಲಗಾಲು ಎಳೆಯುತ್ತಾ ಧೊಪ್ಪಣ್ಣ ಬಂದ.

“ಅಪ್ಪಾ!” ಮಗಳು ಹಲ್ಲು ಕಡಿದಳು. “ಆಣೆ ಇಟ್ಟಿದ್ದೆ ನೀನು!”

“ಬಯ್ಯಬೇಡಮ್ಮಾ,” ರೆಫರಿ ಅವಳ ತಲೆ ಸವರಿದರು. “ನಿಮ್ಮಪ್ಪಂಗೆ ಹಳೇ ಪೆಟ್ಟು. ಇಷ್ಟು ಹೊತ್ತು ನಮಗೋಸ್ಕರ ನೋವು ನುಂಗ್ಕೊಂಡು ಕುಪ್ಪಳಿಸಿದ್ದಾರೆ. ಆ ಪೆಟ್ಟು ಬಿದ್ದಿದ್ದು ನಾನೇ ಕಣ್ಣಾರೆ ನೋಡಿದ್ದೆ.”

“ಕೇಳಿದ್ರಾ! ಪೆನಾಲ್ಟಿ ನಿಜವಂತೆ! ರೆಫರಿಯವರೇ ಹೇಳಿದ್ರು!” ಕಾಮೆಂಟರಿ ಕಿಟಕಿಗೆ ಓಡಿದ. ಗಳಿಗೆಯೊಳಗೆ ಸುದ್ದಿ ಮೇಲಿನ ಮಹಡಿ, ಕೆಳಗಿನ ಮಹಡಿ, ಡಾಕ್ಟರ ಬಾಗಿಲು ಎಲ್ಲ ಸುತ್ತಿ ಬಂತು.

ಇತ್ತ ಧೊಪ್ಪಣ್ಣನಿಗೆ ಒಂದು ಸೂಕ್ಷ್ಮ ಹೊಳೆಯಿತು. ಬಲಗಾಲು ಕುಂಟಬೇಕಾದರೆ ಮೈಭಾರವೆಲ್ಲ ಎಡಗಾಲಿನ ಮೇಲೆ ಬೀಳಬೇಕು. ಎರಡನೆಯ ಹೆಜ್ಜೆಗೆ ಬಿತ್ತು. ಬೆಳಗ್ಗೆ ಅರ್ಧಕ್ಕೆ ನಿಂತಿದ್ದ ಲಟಕ್ ಈಗ ಪೂರ್ತಿಯಾಯಿತು. ಎರಡೂ ಕೈ ಮೇಲೆ ಹೋದವು, ಧೊಪ್ಪೆಂದು ಬಿದ್ದ, ತಿಕ್ಕಿದ ನೆಲದ ಮೇಲೆ ಜಾರುತ್ತಾ ಸೋಫಾದವರೆಗೆ ಹೋದ, ಎಡಗಾಲು ಹಿಡಿದುಕೊಂಡು ಕಟ್ಟಡ ಅದುರುವಂತೆ ಕೂಗಿದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗನಂತೂ ಎದ್ದು ನಿಂತು ತಟ್ಟಿದ. ರೆಫರಿ ಬಗ್ಗಿ, ಧೊಪ್ಪಣ್ಣನ ಕಿವಿಯಲ್ಲಿ ಪಿಸುಗುಟ್ಟಿದರು.

“ಹಿಡ್ಕೊಂಡಿರೋದು ತಪ್ಪು ಕಾಲು. ಇದು ಎರಡನೇ ಹಳದಿ, ಅಂದ್ರೆ ಕೆಂಪು ಕೊಡ್ಬೇಕು, ಬೀಗರು ಅಂತ ಬಿಟ್ಟಿದೀನಿ. ಮದುವೆ ಹೊತ್ತಿಗೆ ಚೆನ್ನಾಗಿ ಅಭ್ಯಾಸ ಮಾಡ್ಕೊಳ್ಳಿ.”

“ಸಾರ್... ಆಸ್ಪತ್ರೆ...”

“ಅಷ್ಟೆಲ್ಲ ಬೇಡ, ಇಷ್ಟೇ ಸಾಕು. ಸ್ವಲ್ಪ ಸಹಜವಾಗಿರ್ಲಿ.”

ಬೀಗರನ್ನು ಬೀಳ್ಕೊಡಲು ಎಲ್ಲರೂ ಸಡಗರದಿಂದ ಮೆಟ್ಟಿಲಿಳಿದು ಹೋದರು. ಮಗಳ ನಗು ಕೆಳಗಿನಿಂದ ಮೇಲಕ್ಕೆ ಕೇಳಿಸುತ್ತಿತ್ತು. ಧೊಪ್ಪಣ್ಣ ನೆಲದ ಮೇಲೆ ಬಿದ್ದುಕೊಂಡು, ಅಂಗಡಿಯವನು ಕೊಟ್ಟ ದಿಂಬನ್ನು ಹೇಗೋ ಎಳೆದು ಎಡಗಾಲಿನ ಕೆಳಗೆ ಇಟ್ಟುಕೊಂಡ. ಸ್ವಲ್ಪ ಹೊತ್ತಿಗೆ ಹೆಂಡತಿ ಮೇಲೆ ಬಂದಳು. ಟೀ ಲೋಟಗಳನ್ನು ಒಂದರೊಳಗೊಂದು ಸೇರಿಸಿಕೊಂಡು, ಅವನನ್ನು ದಾಟಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿಂದ ದನಿ ಬಂತು.

“ಎದ್ದೇಳ್ರೀ. ರೆಫರಿ ಹೋಗಿ ಆಯ್ತು.”